ವಿಶ್ವವಿದ್ಯಾನಿಲಯವೂ ಸಂಶೋಧನೆಯೂ

ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದ ಕೆಲವು ದಿನಗಳಿಗೆಲ್ಲ ನಮ್ಮಂಥ ಅಧ್ಯಾಪಕರ ಮನೆಗಳಿಗೆ ತಂದೆತಾಯಿಗಳು ಬರುವುದು ಪ್ರತಿವರ್ಷದ ವಾಡಿಕೆ. ಕುಶಲಪ್ರಶ್ನೆಗಳಾದ ಮೇಲೆ ಅವರು ತುಸು ಸಂಕೋಚದಿಂದಲೇ ವಿಷಯಕ್ಕೆ ಬರುತ್ತಾರೆ: "ಹುಡುಗ ಪದವಿಯನ್ನೇನೋ ಪಡೆದ. ಈಗ ಇನ್ನೆರಡು ವರ್ಷ ಎಂ.ಎ. ಓದುತ್ತೇನೆ, ಅದಾದ ಮೇಲೆ ಸಂಶೋಧನೆ ಮಾಡುತ್ತೇನೆ ಎನ್ನುತ್ತಾನೆ. ಇಷ್ಟು ವರ್ಷ ಓದಿದ್ದು ಸಾಲದೆ ಸ್ವಾಮಿ? ಇರುವ ಪುಸ್ತಕಗಳನ್ನೆಲ್ಲ ಓದಿದ ಮೇಲೆ ಹುಡುಕುವುದಕ್ಕೆ ಇನ್ನೇನು ಉಳಿದಿರುತ್ತದೆ?" ಈ ಪ್ರಶ್ನೆಯನ್ನು ಕೇಳಿ ನಗುವುದು ಸುಲಭ, ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ತಮ್ಮ ದುಡಿಮೆಯ ಹಣವನ್ನು ಮಕ್ಕಳ ವಿದ್ಯೆಗಾಗಿ ಸುರಿಯತಕ್ಕವರು ಅದರ ಪ್ರಯೋಜನವನ್ನು ಕೇಳುವುದು ನ್ಯಾಯವೇ. ಆ ತಂದೆತಾಯಿಗಳಿಗೆ ನಾವು ಹೇಳಬೇಕೆಂದಿದ್ದು, ಹೊತ್ತು ಸಾಲದೆ ಹೇಳಲಾಗದೆ ಉಳಿದ ಮಾತುಗಳನ್ನು ಈ ದಿನ ತಮ್ಮೆಲ್ಲರ ಮುಂದೆ ಇಡುತ್ತೇವೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳೋಣ. ಪದವಿಯ ತರಗತಿಗಳಲ್ಲಿ ವಿದ್ಯಾರ್ಥಿಯು ಕಲಿಯುವುದು ಬಹುಮಟ್ಟಿಗೆ ಇತರರು ಕಂಡುಕೊಂಡುದನ್ನು. ಪ್ರಶ್ನೆಯೂ ಪುಸ್ತಕದಲ್ಲಿದೆ, ಉತ್ತರವೂ ಪುಸ್ತಕದಲ್ಲಿದೆ. ಪದವಿಯ ಮೇಲಣ ವ್ಯಾಸಂಗ, ಎಂದರೆ ಈಗ ನಾವು ಸ್ನಾತಕೋತ್ತರ ವ್ಯಾಸಂಗವೆಂದು ಕರೆಯತಕ್ಕದ್ದು, ಒಂದು ಹೊಸ್ತಿಲು. ಅಲ್ಲಿ ವಿದ್ಯಾರ್ಥಿಗೆ ಮೊದಲ ಸಲ ಒಂದು ಆಶ್ಚರ್ಯ ಕಾದಿರುತ್ತದೆ: ಪಂಡಿತರಾದವರು ತಮ್ಮತಮ್ಮಲ್ಲಿಯೇ ಒಪ್ಪುವುದಿಲ್ಲ; ಒಂದೇ ಶಾಸನವನ್ನು ಇಬ್ಬರು ಎರಡು ಬಗೆಯಾಗಿ ಓದುತ್ತಾರೆ; ಒಂದೇ ರೋಗಕ್ಕೆ ಇಬ್ಬರು ಬೇರೆ ಬೇರೆ ಕಾರಣ ಹೇಳುತ್ತಾರೆ. ಹಾಗಾದರೆ ನಿಜ ಯಾವುದು, ಅದನ್ನು ತಿಳಿಯುವ ಬಗೆ ಯಾವುದು ಎಂದು ಅವನು ಕೇಳುವಂತಾದರೆ ಸ್ನಾತಕೋತ್ತರ ವ್ಯಾಸಂಗ ಸಾರ್ಥಕವಾಯಿತು. ಆ ಹೊಸ್ತಿಲನ್ನು ದಾಟಿ, ಉತ್ತರವಿಲ್ಲದ ಒಂದು ಪ್ರಶ್ನೆಯನ್ನು ಹಿಡಿದು, ಹತ್ತು ಜನ ಪರೀಕ್ಷಿಸಿ ನೋಡಬಹುದಾದ ರೀತಿಯಲ್ಲಿ ಅದಕ್ಕೆ ಉತ್ತರವನ್ನು ಹುಡುಕುವುದೇ ಸಂಶೋಧನೆ. "ದೇಶ ಸುತ್ತಿ ನೋಡು, ಕೋಶ ಓದಿ ನೋಡು" ಎಂಬ ನಮ್ಮ ಗಾದೆಯಲ್ಲಿ ಎರಡು ಕಡೆಯೂ "ನೋಡು" ಎಂಬ ಮಾತೇ ಬಂದಿರುವುದನ್ನು ಗಮನಿಸಬೇಕು. ಸುತ್ತಿದರೆ ಸಾಲದು, ಓದಿದರೂ ಸಾಲದು, ನೋಡಬೇಕು.

ಪುಸ್ತಕಗಳನ್ನೆಲ್ಲ ಓದಿದ ಮೇಲೆ ಏನು ಉಳಿದಿರುತ್ತದೆ ಎಂಬ ಪ್ರಶ್ನೆಗೆ ಮೈಸೂರು ನಗರದಲ್ಲಿಯೇ ಒಂದು ಸೊಗಸಾದ ಉತ್ತರವುಂಟು. ೧೮೯೧ರಲ್ಲಿ ಅಲ್ಲಿ ಪ್ರಾಚ್ಯಕೋಶಾಗಾರವೊಂದು ಸ್ಥಾಪಿತವಾಯಿತು. ಮನೆಮನೆಗಳ ಅಟ್ಟದ ಮೇಲೆ ಹುಳು ತಿನ್ನುತ್ತಿದ್ದ ಓಲೆಗರಿಯ ಗ್ರಂಥಗಳನ್ನು ಕೂಡಿಸಿ ಕಾಪಾಡುವುದು ಅದರ ಕೆಲಸ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಒಂದು ಓಲೆಕಟ್ಟು ಅಲ್ಲಿನ ಪುಸ್ತಕ ಭಂಡಾರಿಗಳಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದಿತು. ಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು ೧೯೦೫ರಲ್ಲಿ ಗುರುತಿಸಿದರು. ಅದುವರೆಗೆ ಆ ಗ್ರಂಥದ ಹೆಸರನ್ನು ಇತರ ಗ್ರಂಥಗಳಲ್ಲಿ ಕಂಡಿದ್ದವರಿದ್ದರೇ ಹೊರತು ಗ್ರಂಥವನ್ನೇ ಪೂರ್ತಿಯಾಗಿ ಕಂಡ ವಿದ್ವಾಂಸರು ಆ ಕಾಲದಲ್ಲಿ ಇರಲಿಲ್ಲ. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾದ ಮೇಲೆ ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತು ಪಂಡಿತರು ಬರೆದಿದ್ದುದನ್ನೆಲ್ಲ ಮತ್ತೆ ತಿದ್ದಿ ಬರೆಯಬೇಕಾಯಿತು. ಆ ಕಟ್ಟನ್ನು ಬಿಚ್ಚಿ ಓದಬಲ್ಲ ಒಬ್ಬ ಮನುಷ್ಯನೂ, ಅವನಿಗೆ ಓದುವ ವಿರಾಮವೂ ಇಲ್ಲದೆ ಹೋಗಿದ್ದರೆ ಅದು ಇನ್ನೊಂದು ಓಲೆಯ ಕಟ್ಟಾಗಿಯೇ ಉಳಿಯುತ್ತಿತ್ತು. ನಮ್ಮ ಈ ದಿನದ ಮಾತಿನ ಸಾರವೆಲ್ಲ ಈ ಒಂದು ಪ್ರಸಂಗದಲ್ಲಿಯೇ ಅಡಗಿದೆ: ಸಾಮಗ್ರಿ, ಬಲ್ಲವನು, ವಿರಾಮ, ಈ ಮೂರೂ ಒಂದೆಡೆ ಸೇರಿದ ಕಡೆ ಸಂಶೋಧನೆ ಹುಟ್ಟುತ್ತದೆ. ಇವುಗಳನ್ನು ಒಂದೆಡೆ ಸೇರಿಸುವುದೇ ವಿಶ್ವವಿದ್ಯಾನಿಲಯದ ಕರ್ತವ್ಯ.

ಆದರೆ ನಮ್ಮ ದೇಶದ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು ಈ ಉದ್ದೇಶದಿಂದಲ್ಲ. ೧೮೫೭ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ಮೂರಕ್ಕೂ ಮಾದರಿಯಾದುದು ಅಂದಿನ ಲಂಡನ್ ವಿಶ್ವವಿದ್ಯಾನಿಲಯ. ಅದು ಪಾಠ ಹೇಳುತ್ತಿದ್ದ ಸಂಸ್ಥೆಯಲ್ಲ. ಕಾಲೇಜುಗಳಲ್ಲಿ ಓದಿದವರಿಗೆ ಪರೀಕ್ಷೆ ಮಾಡಿ ಪದವಿ ಕೊಡುತ್ತಿದ್ದ ಸಂಸ್ಥೆ. ಆದುದರಿಂದ ನಮ್ಮಲ್ಲಿ ವಿಶ್ವವಿದ್ಯಾನಿಲಯವೆಂದರೆ ಒಂದು ಕಚೇರಿ, ಕೆಲವು ಗುಮಾಸ್ತರು, ಪ್ರಶ್ನಪತ್ರಿಕೆಗಳ ಕಂತೆ ಎಂಬ ಭಾವನೆ ಬೇರೂರಿತು. ಇಂದಿಗೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಯೂರೋಪಿನಲ್ಲಿ ಇದಕ್ಕೆ ಬೇರೆಯಾದ ಇನ್ನೊಂದು ಆದರ್ಶವಿತ್ತು. ೧೮೧೦ರಲ್ಲಿ ವಿಲ್ಹೆಲ್ಮ್ ಫಾನ್ ಹುಂಬೋಲ್ಟನ ಯೋಜನೆಯಂತೆ ತೆರೆದ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ, ಕಲಿಸುವುದೂ ಹೊಸದನ್ನು ಅರಸುವುದೂ ಒಂದೇ ಕೆಲಸದ ಎರಡು ಮುಖಗಳೆಂದು ಭಾವಿಸಲಾಗಿತ್ತು. ಗುರುವಿರುವುದು ಶಿಷ್ಯನಿಗಾಗಿ ಮಾತ್ರವಲ್ಲ. ಇಬ್ಬರೂ ಇರುವುದು ಜ್ಞಾನಕ್ಕಾಗಿ. ಈ ಆದರ್ಶವನ್ನು ಅಮೆರಿಕದವರು ಬೇಗ ಕೈಕೊಂಡರು; ಅಲ್ಲಿಯ ಯೇಲ್ ವಿದ್ಯಾಸಂಸ್ಥೆ ೧೮೬೧ರಲ್ಲಿಯೇ ಸಂಶೋಧನೆಗಾಗಿ ಪಿಎಚ್.ಡಿ. ಪದವಿಯನ್ನು ಕೊಟ್ಟಿತು. ಇಂಗ್ಲೆಂಡಿನ ಆಕ್ಸ್‌ಫರ್ಡು ಇಂಥ ಪದವಿಯನ್ನು ಏರ್ಪಡಿಸಿದ್ದು ೧೯೧೭ರಲ್ಲಿ. ನಮಗೆ ಮಾದರಿಯೆನಿಸಿದ್ದವರೇ ತಡವಾಗಿ ಎಚ್ಚೆತ್ತಾಗ ನಾವು ಹಿಂದುಳಿದುದು ಆಶ್ಚರ್ಯವಲ್ಲ.

ನಮ್ಮ ದೇಶದಲ್ಲಿ ಈ ಹಳೆಯ ಕಟ್ಟನ್ನು ಮೊದಲು ಮುರಿದವರು ಕಲ್ಕತ್ತೆಯ ಅಶುತೋಷ ಮುಖರ್ಜಿಯವರು. ೧೯೦೬ರಿಂದ ೧೯೧೪ರವರೆಗೆ ಉಪಕುಲಪತಿ ಪೀಠದಲ್ಲಿದ್ದ ಅವರು ಪರೀಕ್ಷೆ ಮಾಡುವ ಸಂಸ್ಥೆಯನ್ನು ಪಾಠ ಹೇಳುವ, ಹೊಸದನ್ನು ಹುಡುಕುವ ಸಂಸ್ಥೆಯನ್ನಾಗಿ ಮಾರ್ಪಡಿಸಲು ಹೊರಟರು. ಸರಕಾರದ ಹಣ ಸಾಲದಾಗ ನಗರದ ಇಬ್ಬರು ನ್ಯಾಯವಾದಿಗಳು, ತಾರಕನಾಥ ಪಾಲಿತರು ಮತ್ತು ರಾಸಬಿಹಾರಿ ಘೋಷರು, ತಮ್ಮ ಸಂಪಾದನೆಯನ್ನು ಧಾರೆಯೆರೆದರು. ಆ ದತ್ತಿಗಳಿಂದ ವಿಜ್ಞಾನದ ಕಾಲೇಜೂ ಪ್ರಾಧ್ಯಾಪಕ ಪೀಠಗಳೂ ಹುಟ್ಟಿಕೊಂಡವು. ಹಣಕಾಸಿನ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದು, ಕಚೇರಿಗೆ ಮುಂಚೆಯೂ ಕಚೇರಿಯ ನಂತರವೂ ಪ್ರಯೋಗಗಳನ್ನು ನಡೆಸುತ್ತಿದ್ದ ಸಿ. ವಿ. ರಾಮನ್ನರನ್ನು ೧೯೧೭ರಲ್ಲಿ ಪಾಲಿತ್ ಪೀಠಕ್ಕೆ ಕರೆತಂದರು. ದೊಡ್ಡ ಸಂಬಳದ ಕೆಲಸವನ್ನು ಬಿಟ್ಟು ಚಿಕ್ಕ ಸಂಬಳಕ್ಕೆ ಬಂದ ಅವರು, ಶಿಷ್ಯರಾದ ಕೆ. ಎಸ್. ಕೃಷ್ಣನ್ನರೊಡನೆ ೧೯೨೮ರ ಫೆಬ್ರವರಿಯಲ್ಲಿ ಬೆಳಕಿನ ಚದರಿಕೆಯ ಹೊಸ ನಿಯಮವನ್ನು ಕಂಡರು. ೧೯೩೦ರಲ್ಲಿ ನೊಬೆಲ್ ಬಹುಮಾನ ಬಂದಿತು. ಸಿಡಿಲಿನಂಥ ಪ್ರತಿಭೆ ರಾಮನ್ನರದು, ನಿಜ. ಆದರೆ ಇಡೀ ದಿನವನ್ನು ತಮ್ಮ ಪ್ರಶ್ನೆಗೆ ಕೊಡುವ ಅನುಕೂಲವನ್ನು ಅವರಿಗೆ ಒದಗಿಸಿದುದು ಒಬ್ಬ ವಕೀಲರ ದತ್ತಿ, ಒಬ್ಬ ಉಪಕುಲಪತಿಯ ದೂರದೃಷ್ಟಿ.

ಉನ್ನತ ತರಗತಿಯ ಪಾಠಕ್ಕೂ ಸಂಶೋಧನೆಗೂ ಎಷ್ಟು ಹತ್ತಿರದ ನಂಟು ಎಂಬುದನ್ನು ಇನ್ನೊಂದು ನಿದರ್ಶನದಿಂದ ತಿಳಿಯಬಹುದು. ಅದೇ ಕಲ್ಕತ್ತೆಯ ಕಾಲೇಜಿನಲ್ಲಿ ತರುಣ ಅಧ್ಯಾಪಕರಾಗಿದ್ದು, ಅನಂತರ ೧೯೨೧ರಲ್ಲಿ ಆರಂಭವಾದ ಢಾಕಾ ವಿಶ್ವವಿದ್ಯಾನಿಲಯಕ್ಕೆ ಹೋದ ಸತ್ಯೇಂದ್ರನಾಥ ಬೋಸರು, ಶಾಖಪ್ರಸರಣವನ್ನು ಕುರಿತ ಪ್ಲಾಂಕನ ಸೂತ್ರವನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಅದನ್ನು ಸಾಧಿಸಿ ತೋರಿಸುವ ಆಗಿನ ಕ್ರಮ ಅವರ ಮನಸ್ಸಿಗೆ ಸಮಾಧಾನ ಕೊಡಲಿಲ್ಲ. ತಮಗೇ ಸಮಾಧಾನವಿಲ್ಲದುದನ್ನು ಶಿಷ್ಯರಿಗೆ ಹೇಗೆ ಒಪ್ಪಿಸುವುದು? ಆ ಅಸಮಾಧಾನದಿಂದಲೇ ಅವರು ಹೊಸದೊಂದು ಮಾರ್ಗವನ್ನು ಕಂಡು, ೧೯೨೪ರಲ್ಲಿ ಐನ್‌ಸ್ಟೈನರಿಗೆ ಬರೆದು ಕಳುಹಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಹಾಕಿಸಿದರು. ಪಾಠ ಹೇಳುವವನು ಬರಿಯ ಟಿಪ್ಪಣಿಯನ್ನು ಓದಿ ಹೇಳುತ್ತಿದ್ದಲ್ಲಿ ಈ ಅಸಮಾಧಾನಕ್ಕೆ ಎಡೆಯೇ ಇರುತ್ತಿರಲಿಲ್ಲ. ಸಂಶೋಧನೆಯಿಂದ ಪಾಠ ಕೆಡುತ್ತದೆ, ಪಾಠದಿಂದ ಸಂಶೋಧನೆ ಕೆಡುತ್ತದೆ ಎನ್ನುವವರು ಇದನ್ನು ನೆನೆಯಬೇಕು. ಒಂದನ್ನೊಂದು ಕೆಡಿಸುವುದು ಅತಿಯಾದಾಗ ಮಾತ್ರ. ಹದವರಿತಾಗ ಒಂದನ್ನೊಂದು ಬೆಳೆಸುತ್ತವೆ.

ಇನ್ನು ನಮ್ಮ ನಾಡಿಗೆ ಬರೋಣ. ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರೂ ಅದಕ್ಕೆ ಕಾರಣರು. ಮೊದಲ ಉಪಕುಲಪತಿಗಳು ಎಚ್. ವಿ. ನಂಜುಂಡಯ್ಯನವರು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವಿದು. ಪ್ರಾಚ್ಯಕೋಶಾಗಾರವೂ ಇದರ ಅಂಗವಾಯಿತು. ಇಲ್ಲಿನ ಅಧ್ಯಾಪಕರು ಪಾಠದ ಕೋಣೆಯಿಂದ ಹೊರಕ್ಕೆ ನಡೆದು ಕಂಡುಕೊಂಡುದು ಅಲ್ಪವಲ್ಲ. ಚರಿತ್ರೆಯ ಪ್ರಾಧ್ಯಾಪಕರಾಗಿದ್ದ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಗುರುತಿಸಿದ ಶಾಸನ ಕನ್ನಡದ ವಯಸ್ಸನ್ನು ಸುಮಾರು ಕ್ರಿ. ಶ. ೪೫೦ರವರೆಗೆ ಹಿಂದಕ್ಕೆ ಒಯ್ದಿತು. ಆ ಕಲ್ಲು ನೂರಾರು ವರ್ಷ ಅಲ್ಲಿಯೇ ಇತ್ತು, ನೋಡಿದವರೂ ಇದ್ದರು, ಓದಿದವರಿರಲಿಲ್ಲ. ತಾಳಗುಂದದಲ್ಲಿ ಈಚೆಗೆ ದೊರೆತ ಶಾಸನವೊಂದು ಅದಕ್ಕಿಂತಲೂ ಹಳೆಯದೆಂದು ವಿದ್ವಾಂಸರು ವಾದಿಸಿದ್ದಾರೆ. ಸಂಶೋಧನೆ ಎಂದಿಗೂ ಮುಗಿಯತಕ್ಕ ಕೆಲಸವಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಕುತೂಹಲವನ್ನು ತರಗತಿಗೆ ಸೀಮಿತಗೊಳಿಸದೆ ೧೯೩೫ರಲ್ಲಿ ಮನೆಯಲ್ಲಿಯೇ ಒಂದು ಪ್ರಸಾರ ಕೇಂದ್ರವನ್ನು ನಿರ್ಮಿಸಿದರು. ಮೈಸೂರಿನಲ್ಲಿ ಆಕಾಶವಾಣಿಯ ಹುಟ್ಟು ಅದೇ.

ನಮ್ಮ ನುಡಿಯ ವಿಷಯವಂತೂ ಇನ್ನೂ ಬೋಧಪ್ರದವಾದುದು. ೧೯೨೭ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗುವವರೆಗೆ ಕನ್ನಡವನ್ನು ಅತ್ಯುನ್ನತ ಮಟ್ಟದಲ್ಲಿ ಓದಬೇಕೆನ್ನುವವನಿಗೆ ಕನ್ನಡನಾಡಿನಲ್ಲಿಯೇ ಪೀಠವಿರಲಿಲ್ಲ. ಆ ತರಗತಿಗೆ ಸೇರಿದವರು ಬೆರಳೆಣಿಕೆಯ ಮಂದಿ. ಲೆಕ್ಕಪತ್ರದವರು ಅದನ್ನು ನೋಡಿದ್ದರೆ, ಇಷ್ಟು ಕಡಿಮೆ ಜನಕ್ಕೆ ಇಷ್ಟು ವೆಚ್ಚವೇ ಎಂದು ಮುಚ್ಚಿಸಿಬಿಡುತ್ತಿದ್ದರೇನೋ. ಆ ಬೆರಳೆಣಿಕೆಯವರಲ್ಲಿ ಕೆ. ವಿ. ಪುಟ್ಟಪ್ಪನವರಿದ್ದರು, ಡಿ. ಎಲ್. ನರಸಿಂಹಾಚಾರ್ಯರಿದ್ದರು. ಒಬ್ಬರು ಕುವೆಂಪು ಎಂಬ ಹೆಸರಿನಿಂದ ನಾಡಿನ ಮಹಾಕವಿಯಾದರು. ಇನ್ನೊಬ್ಬರು ಹಳಗನ್ನಡದ ಗ್ರಂಥಗಳನ್ನು ಶಾಸ್ತ್ರೀಯವಾಗಿ ಸಂಪಾದಿಸುವ ಕ್ರಮಕ್ಕೆ ಗುರುಗಳಾದರು. ಪುಟ್ಟಪ್ಪನವರೇ ೧೯೫೬ರಿಂದ ೧೯೬೦ರವರೆಗೆ ಉಪಕುಲಪತಿಗಳಾಗಿದ್ದಾಗ ಸ್ನಾತಕೋತ್ತರ ವ್ಯಾಸಂಗಕ್ಕೂ ಸಂಶೋಧನೆಗೂ ಮೀಸಲಾದ ಒಂದು ಪ್ರತ್ಯೇಕ ಆವರಣವನ್ನು ಕಟ್ಟಿಸಿ, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅಲ್ಲಿಂದ ಹರಿದ ಕಾಲುವೆಯೊಂದು ಕೊಣಾಜೆಯಲ್ಲಿ ೧೯೬೮ರಲ್ಲಿ ಸ್ನಾತಕೋತ್ತರ ಕೇಂದ್ರವಾಗಿ, ೧೯೮೦ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವೇ ಆಯಿತು. ಉನ್ನತ ವ್ಯಾಸಂಗಕ್ಕೆ ಇಟ್ಟ ಬೀಜದ ಫಲವನ್ನು ಮೊದಲನೆಯ ವರ್ಷದ ಸಂಖ್ಯೆಯಿಂದ ಅಳೆಯಬಾರದೆಂಬುದು ಇದರಿಂದ ತಿಳಿಯುವ ನೀತಿ.

ಇಷ್ಟಾದರೂ ಒಂದು ಕೊರತೆ ಬಹುಕಾಲ ಉಳಿದಿತ್ತು. ವಿಶ್ವವಿದ್ಯಾನಿಲಯ ಹುಟ್ಟಿದ ೧೯೧೬ರಲ್ಲಿಯೇ ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸರು ಮಹಾರಾಜರ ಕಾಲೇಜಿನಲ್ಲಿ ಓದಿದವರು. ಅವರು ಮೊದಲು ಕೈಕೊಂಡ ವಿಷಯ ಮೈಸೂರು ಸೀಮೆಯ ಮದುವೆ, ಮನೆತನ. ೧೯೪೨ರಲ್ಲಿ ಅದು ಪುಸ್ತಕವಾಗಿ ಬಂದಿತು. ಆದರೆ ಆ ವಿಷಯದಲ್ಲಿ ಸಂಶೋಧನೆ ಮಾಡುವುದಕ್ಕೆ ಅವರು ಹೋಗಬೇಕಾದುದು ಮುಂಬಯಿಗೆ, ಜಿ. ಎಸ್. ಘುರ್ಯೆಯವರ ಬಳಿಗೆ, ಆಮೇಲೆ ಆಕ್ಸ್‌ಫರ್ಡಿಗೆ. ಮದುವೆಗಳು ನಡೆಯುತ್ತಿದ್ದುದು ಇಲ್ಲಿ, ಮದುವೆಯನ್ನು ಕುರಿತು ಕೇಳಬೇಕಾದ ಪ್ರಶ್ನೆಗಳನ್ನು ಕಲಿಸುವ ಗುರು ಇದ್ದುದು ಅಲ್ಲಿ! ೧೯೪೮ರಲ್ಲಿ ಅವರು ಮೈಸೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲಸಿ, ಹೊಲ ಗದ್ದೆ ಜಗಳ ಹಬ್ಬಗಳನ್ನೆಲ್ಲ ಕಣ್ಣಾರೆ ಕಂಡು ಬರೆದಿಟ್ಟರು. ತಮ್ಮ ಪುಸ್ತಕದಲ್ಲಿ ಆ ಹಳ್ಳಿಗೆ ರಾಮಪುರ ಎಂಬ ಹೆಸರನ್ನು ಕೊಟ್ಟರು. ೧೯೭೦ರ ಏಪ್ರಿಲಿನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, ಆ ಟಿಪ್ಪಣಿಗಳನ್ನು ವಿಂಗಡಿಸಿ ಸಿದ್ಧಪಡಿಸಿದ್ದ ಪ್ರತಿಗಳೆಲ್ಲ ಕಿಡಿಗೇಡಿಗಳು ಇಟ್ಟ ಬೆಂಕಿಗೆ ತುತ್ತಾದವು. ಎದೆಗುಂದದೆ ಅವರು ನೆನಪಿನ ಆಧಾರದ ಮೇಲೆಯೇ ಬರೆದು ೧೯೭೬ರಲ್ಲಿ ಪ್ರಕಟಿಸಿದ 'ದಿ ರಿಮೆಂಬರ್ಡ್ ವಿಲೇಜ್' ಜಗತ್ತಿನ ಸಮಾಜಶಾಸ್ತ್ರಜ್ಞರೆಲ್ಲ ಓದುವ ಗ್ರಂಥವಾಯಿತು. ಹೀಗೆ ನೋಡಲು ಕಲಿತವನ ನೋಟ ಕಾಗದ ಸುಟ್ಟರೂ ಸುಡುವುದಿಲ್ಲ. ಆದರೆ ಹಾಗೆ ನೋಡಲು ಕಲಿಸುವ ಏರ್ಪಾಡು ನಮ್ಮ ಬಾಗಿಲಿನಲ್ಲಿಯೇ ಇರಬೇಡವೆ? ದೂರ ಹೋಗಬಲ್ಲವರು ಹೋಗಲಿ. ಹೋಗಲಾರದವರ ಬುದ್ಧಿ ಏನಾಗಬೇಕು?

ಈ ಪ್ರಶ್ನೆ ನಮಗೆ ಕೇವಲ ವಾದದ ಪ್ರಶ್ನೆಯಲ್ಲ. ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ನಮ್ಮ ತರಗತಿಯಲ್ಲಿದ್ದಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ತನ್ನ ಊರಿನ ಕೆರೆಯ ನೀರನ್ನು ಹಿಂದೆ ಯಾವ ಅಳತೆಯಿಂದ ಹಂಚುತ್ತಿದ್ದರು, ತೂಬನ್ನು ಯಾರು ತೆರೆಯುತ್ತಿದ್ದರು, ಬರಗಾಲದಲ್ಲಿ ಯಾವ ಗದ್ದೆಗೆ ಮೊದಲ ಸರದಿ ಎಂಬುದೇ ಅವಳ ಪ್ರಶ್ನೆ. ಎಂಬತ್ತು ದಾಟಿದ ನೀರುಗಂಟಿಯೊಬ್ಬ ಇನ್ನೂ ಬದುಕಿದ್ದ. ಆ ಕ್ರಮವೆಲ್ಲ ಅವನ ಬಾಯಲ್ಲಿಯೇ ಇತ್ತು. ಎಂ.ಎ. ಮುಗಿಸಿ ಅವಳು ಸಂಶೋಧನೆಗೆ ಸೇರಿದಳು. ಮಂಜೂರಾದ ವಿದ್ಯಾರ್ಥಿವೇತನ ಏಳು ತಿಂಗಳಾದರೂ ಕೈಗೆ ಬರಲಿಲ್ಲ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಕಾಗದ ನಡೆಯುತ್ತಿದ್ದಂತೆಯೇ ಮನೆಯ ಸಾಲ ಬೆಳೆಯಿತು. ಗುಮಾಸ್ತೆಯ ಕೆಲಸವೊಂದು ದೊರೆತಾಗ ಅವಳು ಸೇರಿಕೊಂಡಳು. ಸೇರಬೇಡವೆಂದು ಹೇಳುವ ಧೈರ್ಯ ನಮಗಿರಲಿಲ್ಲ. ಹಣವೇನೋ ಎಂಟನೆಯ ತಿಂಗಳಿಗೆ ಬಂದಿತು. ಮರುವರ್ಷ ಅವಳು ನಮ್ಮ ಮನೆಗೆ ಬಂದಿದ್ದಳು. "ಆ ತಾತ ಹೋಗಿಬಿಟ್ಟರು ಸಾರ್" ಎಂದಳು. ಬೇರೆ ಏನನ್ನೂ ಹೇಳಲಿಲ್ಲ. ಸುಟ್ಟ ಟಿಪ್ಪಣಿಗಳನ್ನು ನೆನಪಿನಿಂದ ಬರೆಯಬಹುದು. ಬರೆದೇ ಇರದುದನ್ನು ಯಾರು ಬರೆಯಬಲ್ಲರು?

ಆದುದರಿಂದ ಸಂಶೋಧನೆಗೆ ಪ್ರೋತ್ಸಾಹವೆಂದರೆ ಮೊದಲನೆಯದಾಗಿ ವಿರಾಮ. ವಿರಾಮವೆಂದರೆ ಹೊಟ್ಟೆಯ ಚಿಂತೆಯಿಲ್ಲದ ಕಾಲ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಿರಿಯ ಸಂಶೋಧಕರಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿ, ಎರಡು ವರ್ಷಗಳ ನಂತರ ೪೨,೦೦೦ ರೂಪಾಯಿ ಎಂದು ಗೊತ್ತುಮಾಡಲಾಯಿತು. ಇದು ಸ್ವಾಗತಾರ್ಹವೇ. ಆದರೆ ಆ ವೇತನ ದೊರೆಯುವುದು ಕೆಲವರಿಗೆ ಮಾತ್ರ. ಉಳಿದವರಲ್ಲಿ ಅನೇಕರು ಅರೆಕಾಲದ ಪಾಠ ಹೇಳಿಕೊಂಡು, ರಾತ್ರಿ ಕುಳಿತು ಪ್ರಬಂಧ ಬರೆಯತಕ್ಕವರು. ಮೊತ್ತವೆಷ್ಟು ಎಂಬುದಷ್ಟೇ ಮುಖ್ಯ, ಅದು ತಿಂಗಳು ತಿಂಗಳಿಗೆ ತಪ್ಪದೆ ಬರುತ್ತದೆಯೇ ಎಂಬುದು. ಹೆಣ್ಣುಮಕ್ಕಳ ವಿಷಯದಲ್ಲಿ ೨೦೨೨ರ ನಿಯಮಾವಳಿ ಒಂದು ಒಳ್ಳೆಯ ಏರ್ಪಾಡು ಮಾಡಿತು: ಪಿಎಚ್.ಡಿ.ಗೆ ಸಾಮಾನ್ಯ ಗಡುವು ೬ ವರ್ಷ; ಮತ್ತೆ ೨ ವರ್ಷ ವಿಸ್ತರಿಸಬಹುದು; ಸ್ತ್ರೀಯರಿಗೆ ಅದರ ಮೇಲೆ ಇನ್ನೂ ೨ ವರ್ಷ ದೊರೆಯಬಹುದು; ಬಾಣಂತಿತನಕ್ಕೆ ೨೪೦ ದಿನಗಳವರೆಗೆ ರಜವುಂಟು. ಮದುವೆಯಾಯಿತೆಂದು ವಿದ್ಯೆಗೆ ಎಳ್ಳುನೀರು ಬಿಡಬೇಕಾಗಿಲ್ಲವೆಂಬುದನ್ನು ತಂದೆತಾಯಿಗಳೂ ಅತ್ತೆಮಾವಂದಿರೂ ತಿಳಿದಿರಬೇಕು.

ಎರಡನೆಯದು ಗುರು. ಸಂಶೋಧನೆಯನ್ನು ಪುಸ್ತಕ ಓದಿ ಕಲಿಯಲಾಗದು. ಕಮ್ಮಾರನ ಕುಲುಮೆಯ ಬಳಿ ನಿಂತು ಕಲಿಯುವಂತೆ ಬಲ್ಲವರ ಬಳಿ ನಿಂತು ಕಲಿಯಬೇಕು. ಅದೇ ನಿಯಮಾವಳಿಯಂತೆ ಪ್ರಾಧ್ಯಾಪಕರೊಬ್ಬರು ಏಕಕಾಲದಲ್ಲಿ ೮ ಮಂದಿಗೂ, ಸಹ ಪ್ರಾಧ್ಯಾಪಕರು ೬ ಮಂದಿಗೂ, ಸಹಾಯಕ ಪ್ರಾಧ್ಯಾಪಕರು ೪ ಮಂದಿಗೂ ಮಾತ್ರ ಮಾರ್ಗದರ್ಶನ ಮಾಡಬಹುದು. ಈ ಮಿತಿ ಸರಿಯಾದುದೇ. ಆದರೆ ಪ್ರಾಧ್ಯಾಪಕರ ಸ್ಥಾನಗಳೇ ವರ್ಷಗಟ್ಟಲೆ ಖಾಲಿ ಬಿದ್ದಿದ್ದರೆ ಮಿತಿಯಿಂದ ಏನು ಪ್ರಯೋಜನ? ಒಂದು ಸ್ಥಾನ ಖಾಲಿಯಾದರೆ ಉಳಿತಾಯವಾದುದು ಒಂದು ಸಂಬಳವೆಂದು ಲೆಕ್ಕ ಬರೆಯುವವರು, ನಷ್ಟವಾದುದು ಎಂಟು ಮಂದಿ ತರುಣರ ಬೌದ್ಧಿಕ ಜೀವನವೆಂಬುದನ್ನೂ ಅದರ ಪಕ್ಕದಲ್ಲಿ ಬರೆಯಬೇಕು.

ಮೂರನೆಯದು ಸಾಮಗ್ರಿ. ಬಿ. ಎಲ್. ರೈಸರು ೧೮೮೬ರಿಂದ ತೊಡಗಿ ಹನ್ನೆರಡು ಸಂಪುಟಗಳಲ್ಲಿ ಸುಮಾರು ೯,೦೦೦ ಶಾಸನಗಳನ್ನು ಅಚ್ಚು ಹಾಕಿಸದೆ ಇದ್ದಿದ್ದರೆ ಕರ್ಣಾಟಕದ ಚರಿತ್ರೆಯನ್ನು ಬರೆಯಲು ಕುಳಿತವನಿಗೆ ಊರೂರು ಅಲೆಯುವುದರಲ್ಲಿಯೇ ಆಯುಷ್ಯ ಸವೆಯುತ್ತಿತ್ತು. ಒಬ್ಬರು ಕೂಡಿಸಿಟ್ಟರೆ ನೂರು ಮಂದಿ ಅದರ ಮೇಲೆ ದುಡಿಯಬಹುದು. ಈಗ ಶೋಧಗಂಗಾ ಎಂಬ ಭಂಡಾರದಲ್ಲಿ ದೇಶದ ಅನೇಕ ವಿಶ್ವವಿದ್ಯಾನಿಲಯಗಳ ಪ್ರೌಢಪ್ರಬಂಧಗಳನ್ನು ಯಾರು ಬೇಕಾದರೂ ಮನೆಯಲ್ಲಿಯೇ ಕುಳಿತು ತೆರೆದು ಓದಬಹುದು. ಹಿಂದೆ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಿದ್ದುದು ಹೀಗೆ ಬಯಲಿಗೆ ಬಂದುದರಿಂದ ಎರಡು ಲಾಭ: ಒಳ್ಳೆಯ ಕೆಲಸ ಹತ್ತು ಜನಕ್ಕೆ ತಿಳಿಯುತ್ತದೆ, ಕದ್ದ ಕೆಲಸವೂ ಹತ್ತು ಜನಕ್ಕೆ ತಿಳಿಯುತ್ತದೆ.

ಕದ್ದ ಕೆಲಸವೆಂದೆವು. ಇಲ್ಲಿ ನಮ್ಮವರ ದೋಷವನ್ನು ನಾವು ಮುಚ್ಚಿಟ್ಟರೆ ಮಾತು ಅಪೂರ್ಣವಾದೀತು. ೨೦೧೪–೧೫ರಲ್ಲಿ ದೇಶದಲ್ಲಿ ಪಿಎಚ್.ಡಿ.ಗೆ ಸೇರಿದ್ದವರು ಸುಮಾರು ೧.೧೭ ಲಕ್ಷ, ೨೦೨೧–೨೨ರ ವೇಳೆಗೆ ೨.೧೨ ಲಕ್ಷಕ್ಕೂ ಮೇಲಾದರು. ಸಂತೋಷಪಡತಕ್ಕ ವಿಷಯವೇ. ಆದರೆ ಈ ಬೆಳವಣಿಗೆಯಲ್ಲಿ ಪ್ರಶ್ನೆಯಿದ್ದು ಬಂದವರೆಷ್ಟು, ಹೆಸರಿನ ಹಿಂದೆ ಎರಡಕ್ಷರ ಬೇಕೆಂದು ಬಂದವರೆಷ್ಟು? ಬಡ್ತಿಗೆ ಪ್ರಬಂಧಗಳ ಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿದ ಕಡೆ, ಹಣ ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. ೨೦೧೮ರ ನಿಯಮಗಳಲ್ಲಿ ಕೃತಿಚೌರ್ಯಕ್ಕೆ ದಂಡನೆಯನ್ನು ವಿಧಿಸಲಾಯಿತು. ನೂರಕ್ಕೆ ಅರವತ್ತು ಪಾಲಿಗಿಂತ ಹೆಚ್ಚು ಕದ್ದ ವಿದ್ಯಾರ್ಥಿಯ ನೋಂದಣಿ ರದ್ದಾಗುತ್ತದೆ. ೨೦೨೨ರಲ್ಲಿ, ಪ್ರಬಂಧವನ್ನೊಪ್ಪಿಸುವ ಮುನ್ನ ಪತ್ರಿಕೆಯಲ್ಲಿ ಲೇಖನ ಅಚ್ಚಾಗಿರಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಲಾಯಿತು. ದಂಡನೆ ಬೇಕು, ಆದರೆ ದಂಡನೆಯಿಂದ ಕಳ್ಳತನ ನಿಂತೀತೇ ಹೊರತು ಸಂಶೋಧನೆ ಹುಟ್ಟಲಾರದು. ಹನ್ನೆರಡು ಹುರುಳಿಲ್ಲದ ಲೇಖನಗಳಿಗಿಂತ, "ನಾವು ಊಹಿಸಿದ್ದು ತಪ್ಪೆಂದು ಕಂಡುಬಂದಿತು" ಎಂದು ಪ್ರಾಮಾಣಿಕವಾಗಿ ಹೇಳುವ ಒಂದು ಲೇಖನ ಮೇಲೆಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಬೆಳೆಯಬೇಕು.

ಪ್ರಾಥಮಿಕ ಶಾಲೆಗಳಿಗೇ ಹಣ ಸಾಲದಿರುವಲ್ಲಿ ಇದೆಲ್ಲ ಶ್ರೀಮಂತರ ವಿಲಾಸವಲ್ಲವೇ ಎಂದು ಕೆಲವರು ಕೇಳಬಹುದು. ೨೦೨೦–೨೧ರಲ್ಲಿ ನಮ್ಮ ದೇಶ ಸಂಶೋಧನೆಗೆ ವೆಚ್ಚಮಾಡಿದುದು ರಾಷ್ಟ್ರೀಯ ಉತ್ಪನ್ನದಲ್ಲಿ ನೂರಕ್ಕೆ ೦.೬೪ ಭಾಗ, ಎಂದರೆ ನೂರು ರೂಪಾಯಿಯಲ್ಲಿ ಅರುವತ್ತನಾಲ್ಕು ಪೈಸೆ. ಇಷ್ಟರಲ್ಲಿಯೂ ವಿಶ್ವವಿದ್ಯಾನಿಲಯಗಳಿಗೆ ಬರುವುದು ಸ್ವಲ್ಪ ಪಾಲು. ಇದನ್ನು ಕಿತ್ತು ಶಾಲೆಗಳಿಗೆ ಹಂಚಿದರೆ ಶಾಲೆಗಳು ಉದ್ಧಾರವಾಗುವುದಿಲ್ಲ. ಮೇಲಾಗಿ, ಶಾಲೆಯ ಉಪಾಧ್ಯಾಯನು ಮಕ್ಕಳಿಗೆ ಹೇಳುವ ಪಾಠ ಎಲ್ಲಿಂದ ಬರಬೇಕು? ಕೆರೆಯ ಕೋಡಿ ಒಣಗಿದರೆ ಕೆಳಗಿನ ಗದ್ದೆಗೆ ನೀರೆಲ್ಲಿಂದ? ೨೦೨೩ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ಕಾಯಿದೆಯ ಮೂಲಕ ಸ್ಥಾಪಿಸಿತು. ರಾಜ್ಯಗಳ ವಿಶ್ವವಿದ್ಯಾನಿಲಯಗಳಲ್ಲಿಯೂ ಕಾಲೇಜುಗಳಲ್ಲಿಯೂ ಸಂಶೋಧನೆಯನ್ನು ಬೆಳೆಸಬೇಕೆಂಬುದು ಅದರ ಉದ್ದೇಶಗಳಲ್ಲಿ ಒಂದು. ದೊಡ್ಡ ಸಂಸ್ಥೆಗಳ ಹೊಸ್ತಿಲನ್ನು ದಾಟಿ ಹಣ ಜಿಲ್ಲೆಯ ಕಾಲೇಜಿನವರೆಗೆ ಹರಿದರೆ ಮಾತ್ರ ಆ ಉದ್ದೇಶ ನೆರವೇರಿದಂತೆ.

ಇದೆಲ್ಲ ಸರಕಾರದ ಕೆಲಸವೆಂದು ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ ೧೯೦೯ರಲ್ಲಿ ಹುಟ್ಟಿದುದು ಜಮ್‌ಸೇಟ್‌ಜಿ ಟಾಟಾ ಅವರ ದಾನದಿಂದ. ಮೈಸೂರು ಸಂಸ್ಥಾನ ೩೭೧ ಎಕರೆ ನೆಲವನ್ನು ಕೊಟ್ಟಿತು. ಅಷ್ಟು ದೊಡ್ಡ ಕೈ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ತಂದೆಯ ಹೆಸರಿನಲ್ಲಿ ಒಂದು ಕಲ್ಯಾಣಮಂಟಪಕ್ಕೆ ಅಮೃತಶಿಲೆ ಹಾಕಿಸುವವರು, ಅದೇ ಹೆಸರಿನಲ್ಲಿ ಬಡ ಸಂಶೋಧಕಿಯೊಬ್ಬಳಿಗೆ ವಿದ್ಯಾರ್ಥಿವೇತನ ಬರುವವರೆಗಿನ ಏಳು ತಿಂಗಳ ಊಟದ ಖರ್ಚನ್ನು ಕೊಡಬಹುದಲ್ಲವೆ? ಮನೆಯ ಅಟ್ಟದ ಮೇಲಿನ ಹಳೆಯ ಕಡತ, ದಿನಚರಿ, ಲೆಕ್ಕದ ಪುಸ್ತಕಗಳನ್ನು ತೂಕಕ್ಕೆ ಹಾಕುವ ಮುನ್ನ ಹತ್ತಿರದ ಕಾಲೇಜಿನವರಿಗೆ ಒಮ್ಮೆ ತೋರಿಸಬಹುದಲ್ಲವೆ? ಹಳ್ಳಿಯಿಂದ ಬಂದ ಹುಡುಗ ಟಿಪ್ಪಣಿ ಪುಸ್ತಕ ಹಿಡಿದು ಬಾಗಿಲಿಗೆ ಬಂದಾಗ, ಕಾಲಹರಣಕ್ಕೆ ಬಂದವನೆನ್ನದೆ ಅರ್ಧ ಗಂಟೆ ಅವನೊಡನೆ ಮಾತನಾಡಬಹುದಲ್ಲವೆ? ಹಿತ್ತಲ ಗಿಡ ಮದ್ದಲ್ಲವೆಂದು ನಾವು ತಿಳಿದಿರುವವರೆಗೆ ನಮ್ಮ ಹಿತ್ತಲನ್ನು ಬೇರೆಯವರು ಬಂದು ಅಧ್ಯಯನ ಮಾಡಿ ನಮಗೇ ಪುಸ್ತಕ ಮಾರುತ್ತಾರೆ.

ಹುಡುಕುವುದಕ್ಕೆ ಇನ್ನೇನು ಉಳಿದಿರುತ್ತದೆ ಎಂದು ಕೇಳಿದ ಆ ತಂದೆತಾಯಿಗಳಿಗೆ ನಮ್ಮ ಉತ್ತರವಿಷ್ಟೆ. ಓದದ ಕಲ್ಲುಗಳ ಸಂಖ್ಯೆ, ಕೇಳದ ಬಾಯಿಗಳ ಸಂಖ್ಯೆ, ಕಾರಣ ತಿಳಿಯದ ರೋಗಗಳ ಸಂಖ್ಯೆ ಓದಿದ ಪುಸ್ತಕಗಳ ಸಂಖ್ಯೆಗಿಂತ ಬಹಳ ದೊಡ್ಡದು. ತಮ್ಮ ಮಗನೋ ಮಗಳೋ ಸಂಶೋಧನೆ ಮಾಡುತ್ತೇನೆಂದಾಗ, ಕೆಲಸ ಯಾವಾಗ ಸಿಕ್ಕೀತೆಂದು ಕೇಳುವ ಮುನ್ನ, "ನಿನ್ನ ಪ್ರಶ್ನೆ ಏನು?" ಎಂದು ಕೇಳಿ ನೋಡಿರಿ. ಉತ್ತರ ತಡವರಿಸಿದರೆ ಬೇರೆ ದಾರಿ ತೋರಿಸಿರಿ, ಅದರಲ್ಲಿ ಅವಮಾನವಿಲ್ಲ. ಆದರೆ ಕಣ್ಣು ಹೊಳೆದು, ಮಾತು ನಿಲ್ಲದೆ ಹರಿದರೆ, ದಯವಿಟ್ಟು ಅಡ್ಡ ಬರಬೇಡಿರಿ. ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಬಹಳ ಕಾಲ ಕಾದಿರುವುದಿಲ್ಲ.